ಪೊಳ್ಳಿಲ್ಲದ ವೀಣೆ

ಬಹಳ ಬಹಳ ಹಿಂದೆ, ಏಳು ಗುಡ್ಡಗಳ ನಡುವೆ ಗೆಜ್ಜೆನಾಡು ಎಂಬ ಒಂದು ರಾಜ್ಯವಿತ್ತು. ಅಲ್ಲಿಯ ಜನಕ್ಕೆ ನಾದವೆಂದರೆ ಪ್ರಾಣ. ಬಾವಿಯ ರಾಟೆಗೂ ಗೆಜ್ಜೆ ಕಟ್ಟುತ್ತಿದ್ದರು. ಎತ್ತಿನ ಕೊರಳಿನ ಗಂಟೆಯನ್ನೂ ಶ್ರುತಿ ನೋಡಿ ಆರಿಸುತ್ತಿದ್ದರು.

ಒಂದು ವರ್ಷ ಆ ರಾಜ್ಯಕ್ಕೆ ಪೊಟರೆರಾಯ ಎಂಬ ಮಾಂತ್ರಿಕ ಬಂದ. ಅವನಿಗೆ ಮೈಯಿತ್ತು, ಮೈಯೊಳಗೆ ಏನೂ ಇರಲಿಲ್ಲ. ಒಣಮರದ ಪೊಟರೆಯ ಹಾಗೆ ಒಳಗೆಲ್ಲ ಬರೀ ಪೊಳ್ಳು. ಆ ಪೊಳ್ಳು ತುಂಬುವುದಕ್ಕೆ ಅವನಿಗೆ ನಾದ ಬೇಕಿತ್ತು. ಎಲ್ಲಿ ಪೊಳ್ಳಿದೆಯೋ ಅಲ್ಲಿಗೆ ಹೊಗೆಯಂತೆ ನುಸುಳಿ ಅಲ್ಲಿದ್ದ ನಾದವನ್ನು ಕುಡಿದುಬಿಡುತ್ತಿದ್ದ.

ಮೊದಲನೆಯ ವರ್ಷ ಗಂಟೆಗಳು ಮೂಕವಾದವು. ಎರಡನೆಯ ವರ್ಷ ಮದ್ದಳೆ, ಕೊಳಲು, ವೀಣೆಗಳು ಮೂಕವಾದವು. ಮೂರನೆಯ ವರ್ಷ ಅವನು ಜನರ ಗಂಟಲಿಗೇ ಇಳಿದ. ಗಂಟಲೂ ಪೊಳ್ಳೇ ತಾನೆ? ಹಾಡುವವರ ಹಾಡು ಹೋಯಿತು. ಆಮೇಲೆ ತೊಟ್ಟಿಲ ಕೂಸುಗಳ ಅಳು ಹೋಯಿತು. ಕೂಸು ಬಾಯಿ ತೆರೆದು ಅಳುತ್ತಿತ್ತು, ಕಣ್ಣೀರು ಇಳಿಯುತ್ತಿತ್ತು, ಸದ್ದು ಮಾತ್ರ ಇಲ್ಲ. ತಾಯಂದಿರು ಒಲೆಯ ಮುಂದೆ ಕೂತಾಗಲೂ ಕತ್ತು ಹೊರಳಿಸಿ ತೊಟ್ಟಿಲನ್ನೇ ನೋಡುತ್ತಿರಬೇಕಾಯಿತು. ಇನ್ನು ಅವನು ಕುಡಿಯಲು ಉಳಿದದ್ದು ಮಾತು ಒಂದೇ.

ರಾಣಿ ಹೊನ್ನಲದೇವಿ ಸೈನ್ಯ ಕಳಿಸಿದಳು. ಕತ್ತಿ ಬೀಸಿದರೆ ಪೊಳ್ಳಿಗೆ ಗಾಯವಾಗುತ್ತದೆಯೆ? ಸೈನಿಕರು ಹೋದ ಹಾಗೆಯೇ ತಿರುಗಿ ಬಂದರು. ಆಗ ರಾಣಿ ಅರಮನೆಯ ಹಳೆಯ ಓಲೆಗಳನ್ನೆಲ್ಲ ತೆಗೆಸಿ ಓದಿಸಿದಳು. ಒಂದು ಓಲೆಯಲ್ಲಿ ಹೀಗಿತ್ತು: ಪೊಟರೆರಾಯ ಕುಡಿಯಲಾರದ ನಾದವನ್ನು ಅವನ ಗುಹೆಯ ಮುಂದೆ ನುಡಿಸಿದರೆ ಅವನು ಒಡೆದುಹೋಗುತ್ತಾನೆ, ಕದ್ದ ನಾದವೆಲ್ಲ ಮನೆಗೆ ಮರಳುತ್ತದೆ. ಇದನ್ನು ರಾಣಿ ಊರೂರಿಗೂ ಸಾರಿಸಿದಳು.

ಮರಡಿಪುರ ಎಂಬ ಊರಿನಲ್ಲಿ ಅಕ್ಕ ತಮ್ಮ ಇಬ್ಬರಿದ್ದರು. ಅಕ್ಕ ದೇವೀರಮ್ಮ ವೀಣೆ ಮಾಡುವವಳು, ನುಡಿಸುವವಳು. ತಮ್ಮ ಸಿಂಗಾಚಾರಿ ನೊಗ, ಬಾಗಿಲು ಮಾಡುವವನು. ತಂದೆತಾಯಿ ಹೋದ ಮೇಲೆ ಸಿಂಗನನ್ನು ಸಾಕಿದವಳು ಅಕ್ಕನೇ. ಅವಳ ಮಾತು ಎಂದರೆ ಊರಿಗೆಲ್ಲ ಇಷ್ಟ. ಅವಳು ಅಂಗಳದಲ್ಲಿ ನಿಂತು “ಸಿಂಗಾ, ಊಟಕ್ಕೆ ಬಾರೋ” ಎಂದು ಕರೆದರೆ ಅಕ್ಕಪಕ್ಕದ ಮನೆಯವರೂ ಎದ್ದು ಕೈ ತೊಳೆಯುತ್ತಿದ್ದರು.

ಸಾರುವವನು ಬಂದು ಹೋದ ದಿನ ದೇವೀರಮ್ಮ ತನ್ನ ಮೂಕ ವೀಣೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಸೋರೆಬುರುಡೆಯನ್ನೂ ಕೊಡವನ್ನೂ ತಟ್ಟಿ ನೋಡಿದಳು. ಆಮೇಲೆ ತಮ್ಮನನ್ನು ಕರೆದಳು.

“ಅವನು ಇರುವುದು ಪೊಳ್ಳಿನಲ್ಲಿ. ನನ್ನ ವೀಣೆಗೆ ಬುರುಡೆಯಿದೆ, ಕೊಡವಿದೆ. ಅಲ್ಲೇ ಅವನಿಗೆ ಮನೆ. ಪೊಳ್ಳೇ ಇಲ್ಲದ ವೀಣೆ ಮಾಡಬೇಕು, ಸಿಂಗಾ.”

“ಪೊಳ್ಳಿಲ್ಲದಿದ್ದರೆ ಅದು ನೊಗ ಆಗುತ್ತದೆ ಅಕ್ಕ. ವೀಣೆ ಹೇಗಾಗುತ್ತದೆ?”

“ಅದಕ್ಕೇ ನಿನ್ನನ್ನು ಕರೆದದ್ದು. ನೊಗ ಮಾಡುವವನು ನೀನೇ ಅಲ್ಲವೆ?” ಎಂದು ಅವಳು ನಕ್ಕಳು. “ಗಟ್ಟಿಮರ ತಾನಾಗಿ ಹಾಡುವುದಿಲ್ಲ, ನಿಜ. ಕಬ್ಬಿಣದ ತಂತಿ ಬಿಗಿದು, ಅದರ ಕೆಳಗೆ ಸೂಜಿಗಲ್ಲಿಟ್ಟು, ಕಲ್ಲಿಗೆ ತಾಮ್ರದ ಎಳೆ ಸುತ್ತಬೇಕು. ತಂತಿಯ ನಡುಕವನ್ನು ಕಲ್ಲು ಹಿಡಿಯುತ್ತದೆ. ಕಲ್ಲು ಹಿಡಿದದ್ದನ್ನು ಮಿಂಚು ಎತ್ತಿಕೊಂಡು ಹಾಡುತ್ತದೆ. ನಮ್ಮಜ್ಜ ಹೀಗೆಂದು ಹೇಳುತ್ತಿದ್ದ. ಮಾಡಿದವರನ್ನು ಮಾತ್ರ ನಾನು ಕಂಡಿಲ್ಲ.”

ಹೀಗೆ ಮೂರು ಕಡೆಯಿಂದ ವಸ್ತು ತರಬೇಕಾಯಿತು. ತಂತಿ ಹಾಯುವ ಉದ್ದನೆಯ ದಂಡಿಗೆ ಮರ, ಸೂಜಿಗಲ್ಲಿನ ಗುಡ್ಡದಿಂದ ತಂತಿಯ ಕಬ್ಬಿಣವೂ ಕಲ್ಲೂ, ಹಾಡುವುದಕ್ಕೆ ಮಿಂಚು. ಸಿಂಗ ಬುತ್ತಿ ಕಟ್ಟಿಕೊಂಡು ಹೊರಟ.

ಮೊದಲು ಅವನು ನೆಟ್ಟಗಾಡು ಎಂಬ ಕಾಡಿಗೆ ಹೋದ. ಆ ಕಾಡನ್ನು ಕಾಯುತ್ತಿದ್ದುದು ಒಂದು ಹುಲಿ. ಅದರ ಮೈಮೇಲೆ ಪಟ್ಟೆಗಳ ಬದಲು ಮರದ ಎಳೆಗಳಿದ್ದವು.

“ನನ್ನ ಕಾಡಿನಲ್ಲಿ ಸಾವಿರ ಮರ ನೆಟ್ಟಗೆ ನಿಂತಿವೆ. ಒಂದೇ ಒಂದು ಒಳಗೂ ನೆಟ್ಟಗಿದೆ. ಅದನ್ನು ತೋರಿಸಿದರೆ ಕೊಡುತ್ತೇನೆ. ತಪ್ಪಿದರೆ ತಿನ್ನುತ್ತೇನೆ” ಎಂದಿತು ಹುಲಿ.

ಸಿಂಗ ಬಾಗಿಲು ಮಾಡುವವನಲ್ಲವೆ? ಅವನು ಮರಗಳ ತುದಿ ನೋಡಲಿಲ್ಲ, ತೊಗಟೆ ನೋಡಿದ. ತೊಗಟೆ ಹಗ್ಗದಂತೆ ತಿರುಚಿದ್ದರೆ ಒಳಗಿನ ಎಳೆಯೂ ತಿರುಚಿರುತ್ತದೆ. ಬೆಳಗಿನಿಂದ ಸಂಜೆಯವರೆಗೆ ತೊಗಟೆ ಸವರುತ್ತ ಸವರುತ್ತ ನಡೆದು, ಕೊನೆಗೆ ಒಂದು ತೆಳ್ಳನೆಯ ತೇಗದ ಮುಂದೆ ನಿಂತು, “ಇದು” ಎಂದ.

“ಹೌದು, ಇದು. ಬೆಟ್ಟದ ಗಾಳಿ ತಿಂದು ಬೆಳೆದ ಮರ. ಒಳಗೆ ಬಿಗಿತ ಬಹಳ. ಮಲಗುವಷ್ಟು ಹೊತ್ತು ಮಲಗಲು ಬಿಡು” ಎಂದು ಹೇಳಿ ಹುಲಿ ದಾರಿ ಬಿಟ್ಟಿತು.

ಎರಡನೆಯದಾಗಿ ಸೂಜಿಗಲ್ಲಿನ ಗುಡ್ಡಕ್ಕೆ ಹೋದ. ಗುಡ್ಡ ಇನ್ನೂ ಒಂದು ಹರದಾರಿ ಇರುವಾಗಲೇ ಅವನ ಉಳಿ, ಸುತ್ತಿಗೆ, ಗರಗಸ ಎಲ್ಲ ಚೀಲ ಹರಿದುಕೊಂಡು ಹಾರಿಹೋಗಿ ಗುಡ್ಡಕ್ಕೆ ಅಂಟಿಕೊಂಡವು. ಅಲ್ಲೇ ಒಂದು ಮುಳ್ಳುಹಂದಿಯೂ ಅಂಟಿಕೊಂಡಿತ್ತು. ಅದರ ಮುಳ್ಳೆಲ್ಲ ಕಬ್ಬಿಣ. ನೂರು ವರ್ಷದಿಂದ ಅದು ಹಾಗೇ ಬೆನ್ನು ಕೊಟ್ಟು ಮಲಗಿತ್ತು.

“ಬಿಡಿಸಣ್ಣಾ, ಆಕಾಶ ನೋಡಿ ನೋಡಿ ಸಾಕಾಗಿದೆ” ಎಂದಿತು.

ಸಿಂಗ ಕಲ್ಲಿನ ಚೂರಿನಿಂದಲೇ ಮರದ ಬೆಣೆಗಳನ್ನು ಕೆತ್ತಿದ. ಒಂದೊಂದೇ ಮುಳ್ಳಿನ ಕೆಳಗೆ ಒಂದೊಂದೇ ಬೆಣೆ ತೂರಿಸಿದ. ಮೂರು ದಿನಕ್ಕೆ ಮುಳ್ಳುಹಂದಿ ಬಿಡುಗಡೆಯಾಯಿತು. ಅದು ತನ್ನ ಆರು ಮುಳ್ಳು ಕಿತ್ತುಕೊಟ್ಟಿತು. ಎಳೆದರೆ ಅವು ತಂತಿಯಾಗಿ ಉದ್ದವಾದವು. ಅಂಗೈಯಗಲದ ಒಂದು ಸೂಜಿಗಲ್ಲನ್ನೂ ಕೊಟ್ಟಿತು. ಅವನ ಉಳಿ, ಗರಗಸಗಳನ್ನೂ ಅದೇ ಹಲ್ಲಿನಿಂದ ಎಳೆದು ಕೊಟ್ಟಿತು.

ಮೂರನೆಯದಾಗಿ ಅವನು ಎಲ್ಲಕ್ಕಿಂತ ಎತ್ತರದ ಗುಡ್ಡ ಹತ್ತಿದ. ಅಲ್ಲಿ ಮೋಡದೆಮ್ಮೆ ಮೇಯುತ್ತಿತ್ತು. ಮೈಯೆಲ್ಲ ಕಾರ್ಮೋಡ, ಕೆಚ್ಚಲಿನಲ್ಲಿ ಮಿಂಚು. ಹಿಡಿಯಲು ಹೋದವರನ್ನೆಲ್ಲ ಅದು ಸುಟ್ಟುಹಾಕಿತ್ತು. ಸಿಂಗ ಹಿಡಿಯಲು ಹೋಗಲಿಲ್ಲ. ಕಬ್ಬಿಣದ ಸಾಮಾನನ್ನೆಲ್ಲ ದೂರ ಇಟ್ಟು ಬಂದು, ಕಲ್ಲಿನ ಮೇಲೆ ಅಂಗೈ ಚಾಚಿ ಕೂತ. ಒಂದು ದಿನ ಎಮ್ಮೆ ತಿರುಗಿ ನೋಡಲಿಲ್ಲ. ಎರಡನೆಯ ದಿನ ನೋಡಿ ಸುಮ್ಮನಾಯಿತು. ಮೂರನೆಯ ದಿನ ಬಂದು ಅಂಗೈಯ ಬೆವರಿನ ಉಪ್ಪು ನೆಕ್ಕಿತು. ಆಮೇಲೆ ಅವನ ತಲೆಯ ಮೇಲೆ ತೇಲುತ್ತ ಹಿಂದೆಯೇ ಬಂತು.

ಎಮ್ಮೆಗಾಗಿ ಮೂರು ದಿನ ಕಲ್ಲಿನಂತೆ ಕೂತವನು ಅವನು. ಮುಂದೆ ಅವನು ಮಾಡಿದ್ದನ್ನು ಕೇಳಿದಾಗ ಇಂಥ ತಾಳ್ಮೆಯವನು ಹಾಗೇಕೆ ಮಾಡಿದನೆಂದು ಊರವರಿಗೆ ಅರ್ಥವಾಗಲಿಲ್ಲ.

ಮನೆಗೆ ಬಂದ ಮೇಲೆ ಕೆಲಸ ಶುರುವಾಯಿತು. ಒಡಲಿಗೆ ದೇವೀರಮ್ಮ ತನ್ನ ಅಟ್ಟದಿಂದ ಹಳೆಯ ಹಲಸಿನ ಹಲಗೆ ಇಳಿಸಿದಳು. ನಾಲ್ಕು ಬೆರಳು ದಪ್ಪ, ಗಂಟಿಲ್ಲದ ಹಲಗೆ. ತೋಳಿಗೆ ಒತ್ತದಂತೆ ಒಂದು ಕಡೆ ಇಳಿಜಾರು, ದಂಡಿಯ ಮೇಲಿನ ಸ್ವರದ ಮೆಟ್ಟಿಲುಗಳಿಗೆಲ್ಲ ಬೆರಳು ಮುಟ್ಟುವಂತೆ ಎರಡು ಕಡೆ ಕೊಂಬಿನ ಹಾಗೆ ಕೊರೆದ ಅಂಚು. ನಿಂತು ನುಡಿಸಲು ಹೆಗಲಿಗೆ ಒಂದು ಪಟ್ಟಿ. ಒಡಲಿನಲ್ಲಿ ದಂಡಿ ಕೂರುವ ಕಚ್ಚು ಕೊರೆದವನು ಸಿಂಗ. ಬಾಗಿಲು ಚೌಕಟ್ಟಿಗೆ ಕೂಡಿಸಿದ ಹಾಗೆ ಎಷ್ಟು ಬಿಗಿಯಾಗಿ ಕೊರೆದನೆಂದರೆ, ಅಳತೆಯ ತುಂಡು ಕೂರಿಸಿ ನೋಡಿದಾಗ ಸಂದಿಯಲ್ಲಿ ಕೂದಲೂ ತೂರುತ್ತಿರಲಿಲ್ಲ.

“ಬೊಂಬಾಟಾಗಿದೆ ಕಣೋ” ಎಂದಳು ಅಕ್ಕ. ಅವನ ಎದೆ ಉಬ್ಬಿತು.

ದಂಡಿಯ ಮರವನ್ನು ಅವಳು ಎರಡಾಗಿ ಸೀಳಿಸಿದಳು. ಒಂದು ಕೆಟ್ಟರೆ ಇರಲೆಂದು ಇನ್ನೊಂದನ್ನು ಅಟ್ಟಕ್ಕೆ ಹಾಕಿಸಿದಳು.

“ಮೂರು ಸಲ ಕೀಸು. ಪ್ರತಿ ಸಲ ಕೀಸಿ ಒಂದೊಂದು ತಿಂಗಳು ನೆರಳಲ್ಲಿ ಮಲಗಿಸು. ಕೀಸಿದಾಗೆಲ್ಲ ಒಳಗಿನ ಬಿಗಿತ ಹೊರಗೆ ಬರುತ್ತದೆ. ಬಾಗುವಷ್ಟು ಬಾಗಲಿ. ಮತ್ತೆ ನೇರ ಮಾಡು. ಮೂರನೆಯ ಸಲ ಮಲಗಿ ಎದ್ದ ಮೇಲೆ ಅದು ಇನ್ನು ಬಾಗುವುದಿಲ್ಲ.”

ಸಿಂಗ ಒಮ್ಮೆ ಕೀಸಿದ, ಒಂದು ತಿಂಗಳು ಮಲಗಿಸಿದ. ದಂಡಿ ಗೋಧಿ ಕಾಳಿನಷ್ಟು ಬಾಗಿತ್ತು. ಎರಡನೆಯ ಸಲ ಕೀಸಿ ಮಲಗಿಸಿದ. ಈ ಸಲ ಎಳ್ಳಿನಷ್ಟು ಬಾಗಿತ್ತು. ಕಾಯುವ ದಿನಗಳಲ್ಲಿ ಅಕ್ಕ ಅವನಿಗೆ ಬರಿಯ ಹಲಗೆಯ ಮೇಲೆ ಮೂರು ಹಾಡಿನ ಬೆರಳುಗಾರಿಕೆ ಕಲಿಸಿದಳು, ಸುಮ್ಮನೆ ಹೊತ್ತು ಹೋಗಲೆಂದು. ಗುಹೆಯ ಮುಂದೆ ನುಡಿಸಬೇಕಾದವಳು ಅವಳು. ಅದು ಇಬ್ಬರಿಗೂ ಗೊತ್ತಿತ್ತು.

ಮೂರನೆಯ ಸಲ ಕೀಸಿ ಮಲಗಿಸಿದ ವಾರದಲ್ಲೇ ಒಂದು ಅನಾಹುತವಾಯಿತು. ಪಕ್ಕದ ಮನೆಯ ಸೋಬಲವ್ವನ ಕೂಸು ಅಂಬೆಗಾಲಿಟ್ಟು ಹೋಗಿ ಕಾಳು ಬರಿದಾದ ನೆಲದ ಹಗೇವಿನೊಳಗೆ ಬಿತ್ತು. ಬಿದ್ದು ಅತ್ತಿತು. ಯಾರಿಗೆ ಕೇಳಬೇಕು? ಬೆಳಗ್ಗೆ ಬಿದ್ದ ಕೂಸು ಮಧ್ಯಾಹ್ನ ಸಿಕ್ಕಿತು. ಜೀವವಿತ್ತು, ಕಾಲು ಮುರಿದಿತ್ತು. ಸೋಬಲವ್ವ ಎದೆ ಬಡಿದುಕೊಂಡು, “ಪಕ್ಕದಲ್ಲೇ ಓಡಾಡಿದೆನಲ್ಲ, ಪಕ್ಕದಲ್ಲೇ ಓಡಾಡಿದೆನಲ್ಲ” ಎನ್ನುತ್ತಿದ್ದಳು.

ಸಿಂಗ ಅಕ್ಕನ ಬಳಿ ಬಂದ. “ಸಾಕು ಅಕ್ಕ. ಇವತ್ತೇ ತಂತಿ ಕಟ್ಟೋಣ.”

“ಇನ್ನು ಮೂರು ವಾರ, ಸಿಂಗಾ.”

“ಎಳ್ಳಿನಷ್ಟು ಬಾಗಿದ್ದು ಇನ್ನೆಷ್ಟು ಬಾಗೀತು? ಅಷ್ಟರಲ್ಲಿ ಇನ್ನೊಂದು ಕೂಸು ಬಿದ್ದರೆ?”

“ನನಗೂ ಸಂಕಟವಾಗುತ್ತದೆ ಕಣೋ. ಆದರೆ ಮರಕ್ಕೆ ನಮ್ಮ ಅವಸರ ಗೊತ್ತಾಗುವುದಿಲ್ಲ. ತಂತಿ ಆರು ಎತ್ತಿನ ಹಾಗೆ ಎಳೆಯುತ್ತದೆ.”

ಮಾರನೆಯ ದಿನ ದೇವೀರಮ್ಮ ಸೋಬಲವ್ವನ ಕೂಸಿಗೆ ಔಷಧಿ ತರಲು ಪಕ್ಕದೂರಿಗೆ ಹೋದಳು. ಅವಳು ಊರ ಬಾಗಿಲು ದಾಟುವುದನ್ನೇ ಕಾದು ಸಿಂಗ ದಂಡಿಯನ್ನು ಕೈಗೆತ್ತಿಕೊಂಡ. ಕೂಸಿನ ಮೇಲಿನ ಕನಿಕರ ಅವನಿಗಿತ್ತು, ಸುಳ್ಳಲ್ಲ. ಅದರ ಜೊತೆಗೆ ಇನ್ನೊಂದೂ ಇತ್ತು. ರಾಣಿಯ ಮುಂದೆ ನಿಂತು, ‘ಮಾಡಿದವನೂ ನಾನೇ, ನುಡಿಸಿದವನೂ ನಾನೇ’ ಎನ್ನುವ ಆಸೆ. ಇದನ್ನು ಅವನು ಎಷ್ಟೋ ವರ್ಷದ ಮೇಲೆ ತಾನೇ ಬಾಯಿಬಿಟ್ಟು ಹೇಳಿದ.

ಮೆಟ್ಟಿಲು ಹೊಡೆದ, ಒಡಲಿಗೆ ಕಚ್ಚು ಕೂಡಿಸಿದ, ಬಿರಡೆ ಕೂರಿಸಿದ, ತಂತಿ ಬಿಗಿದ, ಕಲ್ಲಿಗೆ ತಾಮ್ರ ಸುತ್ತಿದ. ವೀಣೆಯನ್ನು ಹೆಗಲಿಗೆ ಹಾಕಿಕೊಂಡು ಮೋಡದೆಮ್ಮೆಯನ್ನು ಕರೆದುಕೊಂಡು ಪೊಟರೆರಾಯನ ಗುಹೆಗೆ ನಡೆದ.

ಗುಹೆಯ ಮುಂದೆ ನಿಂತು ಅವನು ಮೊದಲ ತಂತಿ ಮೀಟಿದ. ಕಲ್ಲು ನಡುಕ ಹಿಡಿಯಿತು. ಮಿಂಚು ಅದನ್ನು ಎತ್ತಿಕೊಂಡಿತು. ಮೋಡದೆಮ್ಮೆ ಮೈಯೆಲ್ಲ ನಾದವಾಗಿ ಮೊಳಗಿತು. ಮೂರು ವರ್ಷದಿಂದ ನಾದ ಕೇಳದ ಗುಡ್ಡಗಳು ಆ ಸದ್ದಿಗೆ ನಡುಗಿದವು. ಸಿಂಗನಿಗೆ ಅಳು ಬಂತು, ನಗು ಬಂತು. ಅಂಥ ಸದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅದನ್ನು ಮಾಡಿದ್ದು ಅವನ ಕೈ!

ಪೊಟರೆರಾಯ ಕಿವಿ ಮುಚ್ಚಿಕೊಂಡು ಹೊರಗೆ ಬಂದ. ಮೊದಲನೆಯ ಹಾಡು ಮುಗಿಯುವಷ್ಟರಲ್ಲಿ ಅವನ ಕಾಲಿನಲ್ಲಿ ಬಿರುಕು ಬಿಟ್ಟಿತು. ಎರಡನೆಯ ಹಾಡಿಗೆ ಎದೆಯಲ್ಲಿ ಬಿರುಕು ಬಿಟ್ಟಿತು. ಸಿಂಗ ಮೂರನೆಯ ಹಾಡು ಎತ್ತಿಕೊಂಡ. ಆಗ ಸ್ವರ ತಪ್ಪಿತು. ಇನ್ನೊಂದು ಸ್ವರವೂ ತಪ್ಪಿತು. ಬೆರಳು ತಪ್ಪಿತೇನೋ ಎಂದು ಕೆಳಗೆ ನೋಡಿದರೆ, ಬಿಸಿಲಿಗೂ ತಂತಿಯ ಎಳೆತಕ್ಕೂ ದಂಡಿ ಬಿಲ್ಲಿನಂತೆ ಬಾಗುತ್ತಿತ್ತು. ತಂತಿ ಮೇಲೆದ್ದಿತ್ತು. ತಂತಿಗೂ ಮರಕ್ಕೂ ನಡುವೆ ಬೆರಳು ತೂರುವಷ್ಟು ಸಂದಿಯಾಗಿತ್ತು.

ಪೊಟರೆರಾಯನಿಗೆ ಅಷ್ಟು ಪೊಳ್ಳು ಸಾಕಿತ್ತು. ಹೊಗೆಯಾಗಿ ಸಂದಿಯೊಳಗೆ ನುಗ್ಗಿ ನಾದವನ್ನೆಲ್ಲ ಒಂದೇ ಗುಟುಕಿಗೆ ಕುಡಿದ. ಬಿರುಕುಗಳು ಮುಚ್ಚಿಕೊಂಡವು. ಮೋಡದೆಮ್ಮೆ ಬೆದರಿ ಗುಡ್ಡಕ್ಕೆ ಓಡಿತು. ಅವನು ಸಿಂಗನ ಗಂಟಲಿಗೆ ಕೈ ಹಾಕಿದ.

“ನಿನ್ನ ಮಾತು ಕುಡಿದು, ಉಸಿರೂ ಕುಡಿಯುತ್ತೇನೆ.”

“ಬಿಡು ಅವನನ್ನು!” ಎಂಬ ಕೂಗು ಕೇಳಿತು.

ದೇವೀರಮ್ಮ ಓಡಿಬಂದಿದ್ದಳು. ಗುಡ್ಡದ ಮೊಳಗು ಕೇಳಿದ ಕೂಡಲೇ ಅವಳಿಗೆ ತಿಳಿದಿತ್ತು. ಔಷಧಿಯ ಗಂಟು ಇನ್ನೂ ಅವಳ ಸೆರಗಿನಲ್ಲೇ ಇತ್ತು.

“ಪೊಟರೆರಾಯಾ, ಇಷ್ಟು ದಿನ ಕದ್ದು ಕುಡಿದೆ. ಯಾರಾದರೂ ತಾವಾಗಿ ಕೊಟ್ಟಿದ್ದನ್ನು ಕುಡಿದಿದ್ದೀಯಾ? ನನ್ನ ಮಾತು ನಾನೇ ಕೊಡುತ್ತೇನೆ. ಅವನನ್ನು ಬಿಡು.”

ಮಾಂತ್ರಿಕನ ಕಣ್ಣು ಅರಳಿತು. “ಕೊಟ್ಟದ್ದನ್ನು ಕುಡಿದರೆ ನೂರು ದಿನ ನನಗೆ ಹಸಿವಿಲ್ಲ, ಸುಖವಾಗಿ ನಿದ್ದೆ. ಆದರೆ ಕೇಳು ಹೆಣ್ಣೇ, ಕದ್ದದ್ದು ಎಂದಾದರೂ ಮರಳೀತು. ಕೊಟ್ಟದ್ದು ಮರಳುವುದಿಲ್ಲ.”

“ಗೊತ್ತು.”

“ಬೇಡ ಅಕ್ಕ!” ಎಂದು ಸಿಂಗ ಚೀರಿದ.

ಅವಳು ತಮ್ಮನ ಕಡೆ ತಿರುಗಿದಳು. ಬೈಯಲಿಲ್ಲ. ವೀಣೆಯನ್ನು ನೋಡಿದಳು.

“ತಂತಿ ಸಡಿಲ ಮಾಡೋ ಸಿಂಗಾ. ಹಾಗೇ ಬಿಟ್ಟರೆ ಕಚ್ಚೂ ಬಿಟ್ಟುಕೊಂಡೀತು. ಒಡಲು ಚೆನ್ನಾಗಿದೆ, ಅದನ್ನು ಹಾಳು ಮಾಡಬೇಡ.”

ಅವಳು ಆಡಿದ ಕೊನೆಯ ಮಾತು ಅದು. ಪೊಟರೆರಾಯ ಕುಡಿದ, ಗುಹೆಯೊಳಗೆ ಹೋಗಿ ಮಲಗಿದ. ಅಕ್ಕ ತಮ್ಮ ಇಬ್ಬರೂ ಮನೆಗೆ ನಡೆದರು. ದಾರಿಯುದ್ದಕ್ಕೂ ಸಿಂಗ ಒಬ್ಬನೇ ಮಾತಾಡಿದ. “ತಪ್ಪಾಯಿತು ಅಕ್ಕ” ಎಂದ. ಮತ್ತೆ ಮತ್ತೆ ಅದನ್ನೇ ಎಂದ. ಅವಳು ಒಂದು ಸಲ ಅವನ ಬೆನ್ನು ಸವರಿದಳು. ಅದರಿಂದ ಅವನ ಅಳು ಹೆಚ್ಚಾಯಿತು.

ಮಾರನೆಯ ಬೆಳಗ್ಗೆ ಅವನು ಅಟ್ಟದಿಂದ ಇನ್ನೊಂದು ತುಂಡು ಮರ ಇಳಿಸಿದ. ಅಕ್ಕ ಎದುರಿಗೆ ಕೂತಳು. ಕೀಸುಳಿ ತಪ್ಪು ದಿಕ್ಕಿಗೆ ಹೋದರೆ ನೆಲಕ್ಕೆ ಒಮ್ಮೆ ತಟ್ಟುತ್ತಿದ್ದಳು. ಸರಿಯಾಗಿದ್ದರೆ ಸುಮ್ಮನಿರುತ್ತಿದ್ದಳು. ಹಿಂದೆ ಅವಳು ಎಷ್ಟು ಮಾತಾಡುತ್ತಿದ್ದಳು! ಅದು ಹಾಗಲ್ಲವೋ, ಇದು ಹೀಗಲ್ಲವೋ, ಮೊಣಕೈ ಎತ್ತಬೇಡವೋ! ಆಗ ಅವನಿಗೆ ಕಿರಿಕಿರಿಯಾಗುತ್ತಿತ್ತು. ಈಗ ಆ ಬೈಗುಳಕ್ಕಾಗಿ ಕಿವಿ ಚಾಚಿ ಕೂರುತ್ತಿದ್ದ.

ಒಮ್ಮೆ ಕೀಸಿದ, ಒಂದು ತಿಂಗಳು ಮಲಗಿಸಿದ. ಎರಡನೆಯ ಸಲ ಕೀಸಿದ, ಒಂದು ತಿಂಗಳು ಮಲಗಿಸಿದ. ಮೂರನೆಯ ಸಲ ಕೀಸಿದ, ಒಂದು ತಿಂಗಳು ಮಲಗಿಸಿದ. ಮೂರು ವಾರ ಕಾಯಲಾರದೆ ಹೋದವನು ಮೂರು ತಿಂಗಳು ಕಾದ. ಆ ತಿಂಗಳುಗಳನ್ನು ಅವನಿಗೆ ತಂದುಕೊಟ್ಟದ್ದು ಅಕ್ಕನ ಮಾತು. ಒಂದೊಂದು ದಿನ ಕಳೆದಾಗಲೂ ಅವನಿಗೆ ಅದು ನೆನಪಾಗುತ್ತಿತ್ತು.

ತೊಂಬತ್ತನೆಯ ದಿನ ದಂಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ. ಎಳ್ಳಿನಷ್ಟೂ ಬಾಗಿರಲಿಲ್ಲ. ಹಿತ್ತಾಳೆಯ ಮೆಟ್ಟಿಲುಗಳನ್ನು ಹೊಡೆದ, ಕಚ್ಚು ಕೂಡಿಸಿದ, ತಂತಿ ಬಿಗಿದ. ಮೂರು ದಿನ ತಂತಿಯ ಎಳೆತದಲ್ಲೇ ಇಟ್ಟು ಮತ್ತೆ ನೋಡಿದ. ನೆಟ್ಟಗೇ ಇತ್ತು. ಆ ಮೂರೂ ದಿನ ಗುಡ್ಡದ ಮೇಲೆ ಅಂಗೈ ಚಾಚಿ ಕೂತು ಮೋಡದೆಮ್ಮೆಯನ್ನು ಮತ್ತೆ ಒಲಿಸಿಕೊಂಡ. ಆಮೇಲೆ ವೀಣೆಯನ್ನು ಎರಡೂ ಕೈಯಿಂದ ಎತ್ತಿ ಅಕ್ಕನ ಹೆಗಲಿಗೆ ಹಾಕಿದ.

ಗುಹೆಯ ಮುಂದೆ ದೇವೀರಮ್ಮ ನುಡಿಸಿದಳು. ಸಿಂಗ ಮೂರು ಹಾಡು ಬಲ್ಲವನು, ಅವಳು ಮುನ್ನೂರು ಬಲ್ಲವಳು. ಪೊಟರೆರಾಯ ನಿದ್ದೆಯಿಂದೆದ್ದು ಉರಿಗಣ್ಣಿನಿಂದ ಬಂದ. ಒಡಲಿನ ಸುತ್ತ ಹೊಗೆಯಾಗಿ ಸುತ್ತಿದ, ಗಟ್ಟಿ ಹಲಸು. ಕಚ್ಚಿನಲ್ಲಿ ನುಸುಳಲು ನೋಡಿದ, ಕೂದಲಷ್ಟೂ ಸಂದಿಯಿಲ್ಲ. ತಂತಿಯ ಕೆಳಗೆ ತೂರಲು ನೋಡಿದ, ದಂಡಿ ನೆಟ್ಟಗೆ ನಿಂತಿತ್ತು. ನಾದ ಮಾತ್ರ ಮೇಲಿನಿಂದ, ಮೋಡದಿಂದ ಸುರಿಯುತ್ತಲೇ ಇತ್ತು. ಅವನ ಕಾಲು ಬಿರಿಯಿತು, ಎದೆ ಬಿರಿಯಿತು, ತಲೆ ಬಿರಿಯಿತು. ಒಣ ಬುರುಡೆಯಂತೆ ಚೂರುಚೂರಾಗಿ ಒಡೆದುಹೋದ.

ಅವನೊಳಗಿದ್ದ ನಾದವೆಲ್ಲ ಜೇನುಹುಳದ ಹಿಂಡಿನಂತೆ ಎದ್ದು ಮನೆಮನೆಗೆ ಹಾರಿತು. ಗಂಟೆಗಳು ಮೊಳಗಿದವು. ಮದ್ದಳೆಗಳು ಯಾರೂ ಮುಟ್ಟದೆ ಗುಡುಗಿದವು. ಗೆಜ್ಜೆನಾಡಿನ ಕೂಸುಗಳೆಲ್ಲ ಒಂದೇ ಸಮನೆ ಕಿಟಾರನೆ ಅತ್ತವು. ತಾಯಂದಿರು ಆ ಅಳು ಕೇಳಿ ಕುಣಿದಾಡಿದರು.

ಸಿಂಗ ಅಕ್ಕನ ಮುಖವನ್ನೇ ನೋಡುತ್ತಿದ್ದ. ಮಾಂತ್ರಿಕ ಸುಳ್ಳು ಹೇಳಿರಬಹುದು ಎಂಬ ಒಂದು ಆಸೆ ಅವನಲ್ಲಿ ಉಳಿದಿತ್ತು. ದೇವೀರಮ್ಮ ಬಾಯಿ ತೆರೆದಳು. ಒಂದು ಸಲ ಪ್ರಯತ್ನಿಸಿದಳು, ಇನ್ನೊಂದು ಸಲ ಪ್ರಯತ್ನಿಸಿದಳು. ಆಮೇಲೆ ಬಾಯಿ ಮುಚ್ಚಿ, ತಮ್ಮನನ್ನು ನೋಡಿ ತಲೆಯಾಡಿಸಿದಳು.

ರಾಣಿ ಹೊನ್ನಲದೇವಿ ತಾನೇ ಮರಡಿಪುರಕ್ಕೆ ಬಂದಳು. “ಏನು ಬೇಕು ಕೇಳಿ, ಸಿಂಗಾಚಾರಿ” ಎಂದಳು.

“ನನಗೆ ಬೇಕಾದದ್ದು ನಿಮ್ಮ ಕೈಯಲ್ಲಿಲ್ಲ, ತಾಯಿ” ಎಂದ ಸಿಂಗ. ರಾಣಿ ಅಕ್ಕನ ಕಡೆ ನೋಡಿದಳು, ಅರ್ಥಮಾಡಿಕೊಂಡಳು, ಮತ್ತೆ ಕೇಳಲಿಲ್ಲ. ದೇವೀರಮ್ಮನಿಗೆ ಅರಮನೆಯ ವಾದ್ಯಗಾರರಲ್ಲಿ ಮೊದಲ ಪೀಠ ಕೊಟ್ಟಳು. ಅವಳು ಹಬ್ಬಕ್ಕೊಮ್ಮೆ ಹೋಗಿ ಆ ಪೀಠದಲ್ಲಿ ಕೂತು ನುಡಿಸಿ ಬರುತ್ತಿದ್ದಳು.

ಗೆಜ್ಜೆನಾಡಿನವರು ಮತ್ತೆ ಹಾಡುತ್ತ, ಕೂಗುತ್ತ, ಜಗಳವಾಡುತ್ತ ಸುಖವಾಗಿದ್ದರು. ಸಿಂಗನಿಗೂ ಮದುವೆಯಾಯಿತು, ಪದ್ಮಾಂಬೆ ಎಂಬ ಮಗಳು ಹುಟ್ಟಿದಳು. ಒಂದು ದಿನ ಆ ಮಗಳು ಕೆಲಸದ ಚಾವಡಿಗೆ ಬಂದು ಕೇಳಿದಳು: “ಅಪ್ಪಾ, ಅತ್ತೆಯ ದನಿ ಹೇಗಿತ್ತು?”

ಸಿಂಗ ಉಳಿ ಕೆಳಗಿಟ್ಟ. “ದೊಡ್ಡ ದನಿ. ಸ್ವಲ್ಪ ಒರಟು...” ಎಂದ.

ಮೂಲೆಯಲ್ಲಿ ತಂತಿ ಸುತ್ತುತ್ತಿದ್ದ ದೇವೀರಮ್ಮ ಹುಬ್ಬು ಗಂಟಿಕ್ಕಿ, ಇಲ್ಲ ಎಂದು ಕೈಯಾಡಿಸಿದಳು.

“ಒರಟಲ್ಲ, ಒರಟಲ್ಲ” ಎಂದು ಅವನು ತಿದ್ದಿಕೊಂಡ. “ಮೆತ್ತಗೂ ಅಲ್ಲ. ಹೇಗೆಂದರೆ...” ಅವನು ಬಹಳ ಹೊತ್ತು ಹುಡುಕಿದ. ಮಾತು ಸಿಗಲಿಲ್ಲ. ದೇವೀರಮ್ಮ ತಂತಿ ಬಿಟ್ಟು ಎದ್ದು ಬಂದು, ತಮ್ಮನ ತಲೆಯ ಮೇಲಿದ್ದ ಮರದ ಪುಡಿಯನ್ನು ಕೊಡವಿ, ಪಕ್ಕದಲ್ಲಿ ಕೂತಳು.

ಅವರು ಮೂವರೂ ಹಾಗೆಯೇ ಕೂತಿದ್ದಾಗ ಹೊರಗೆ ರಾಜ್ಯವೆಲ್ಲ ಗಲಗಲ ಎನ್ನುತ್ತಿತ್ತು. ನೂರು ವರ್ಷ ಅದು ಹಾಗೇ ಎನ್ನುತ್ತಿತ್ತಂತೆ.